ಚಾಂದನಿಯ ಗೊರಸುಗಳು

ರೊಟ್ಟಿಗೆ ಖಾರದ ಹಿಂಡಿ ಕುಟ್ಟಲೆಂದು ಅಗಸೆಬೀಜ ಹುರಿಯಲು ಕೂತರೆ ಸಾಕು, ನನಗೆ ಕುದುರೆಯ ನೆನಪಾಗುತ್ತದೆ. ನಗಬೇಡಿ. ಜಮಖಂಡಿಯ ನಮ್ಮ ಮನೆಯಲ್ಲಿ ಗಾಣದಿಂದ ಬಂದ ಅಗಸೆ ಎಣ್ಣೆ ಅಡುಗೆಮನೆಗೆ ಹೋಗುತ್ತಿರಲಿಲ್ಲ, ನೇರ ಪಡಸಾಲೆಗೆ ಹೋಗುತ್ತಿತ್ತು. ಅಲ್ಲಿ ನನ್ನ ದೊಡ್ಡಪ್ಪ ಅದರಲ್ಲಿ ಬಣ್ಣ ಕಲಸುತ್ತಿದ್ದರು. ಸಂಸ್ಥಾನದ ಲಾಯದ ಕುದುರೆಗಳು, ಮುಧೋಳದ ಬೇಟೆನಾಯಿಗಳು, ಚಿಕ್ಕಪಡಸಲಗಿಯ ಕಡೆ ನೀರಿಗಿಳಿಯುವ ಚಿಗರಿಗಳು, ಇವನ್ನು ಬರೆಯುವುದರಲ್ಲೇ ಅವರ ಹರೆಯ ಕಳೆದಿತ್ತು. ಶಿಕಾರಿಯಲ್ಲಿ ಬಿದ್ದ ಪ್ರಾಣಿಯನ್ನು ಬರೆಯಲು ಹೇಳಿದರೆ ಮಾತ್ರ, "ಸತ್ತದ್ದನ್ನ ಫೋಟೋದವ್ರಿಗೆ ಹೇಳ್ರಿ. ನನಗ ಉಸಿರಾಡೋದು ಬೇಕು" ಎಂದು ಮುಖ ತಿರುಗಿಸುತ್ತಿದ್ದರು.

ಕುದುರೆಯ ಗೊರಸುಗಳನ್ನು ಅವರು ಕೊನೆಗೇ ಬರೆಯುತ್ತಿದ್ದರು. ಮೊದಲೇ ಬರೆದರೆ ಕುದುರೆ ಚಿತ್ರದಿಂದ ಎದ್ದು ಹೋಗಿಬಿಡುತ್ತದಂತೆ! ಗೊರಸು ಬರೆಯುವ ದಿನ ದೊಡ್ಡವ್ವ ಹೋಳಿಗೆ ಮಾಡುತ್ತಿದ್ದಳು. ಮೊದಲನೆಯದು ಕುದುರೆಗೆ, ಉಳಿದದ್ದು ನಮಗೆ.

ಅವರು ಕಡೆಯದಾಗಿ ಬರೆದದ್ದು ಚಾಂದನಿಯನ್ನು. ಬೂದಿಬಣ್ಣದ ಮುದಿ ಹೆಣ್ಣುಕುದುರೆ, ಮರಿಯಿದ್ದಾಗಿನಿಂದ ದೊಡ್ಡಪ್ಪನ ಕೈಯಲ್ಲಿ ಬೆಲ್ಲ ತಿಂದವಳು. ಚಿತ್ರಕ್ಕಾಗಿ ದಿನಾ ಮುಂಜಾನೆ ಲಾಯದಿಂದ ನಮ್ಮ ಅಂಗಳಕ್ಕೆ ಬಂದು ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದಳು, ನನ್ನ ಜಡೆಯನ್ನು ಹುಲ್ಲೆಂದು ಜಗ್ಗುತ್ತಿದ್ದಳು. ಅಷ್ಟರಲ್ಲಿ ಸಂಸ್ಥಾನ ವಿಲೀನವಾಗುವ ಮಾತು ಬಂತು. ಲಾಯದ ಕುದುರೆಗಳು ಒಂದೊಂದಾಗಿ ಮಾರಾಟವಾದವು. ಚಿತ್ರ ಮುಗಿಯುವ ತನಕ ಚಾಂದನಿಯನ್ನು ಮಾತ್ರ ಮಾರಬಾರದೆಂದು ಅರಸರ ವಾಡೆಯಿಂದ ಅಪ್ಪಣೆಯಾಯಿತು. ದೊಡ್ಡಪ್ಪನಿಗೆ ಅಷ್ಟೇ ಸಾಕಾಯಿತು. ಎಣ್ಣೆ ಹೆಚ್ಚಾದರೆ ಬಣ್ಣ ಬೇಗ ಆರುವುದಿಲ್ಲ, ಅವರು ಬೇಕಂತಲೇ ಸುರಿಯತೊಡಗಿದರು.

ವಾಡೆಯ ಕಾರಕೂನ ಬಂದು ವಿಚಾರಿಸುತ್ತಿದ್ದ. "ಚಿತ್ರಾ ಮುಗೀತೇನ್ರಿ?"

"ಬಣ್ಣ ಇನ್ನಾ ಹಸಿ ಐತ್ರಿ. ಅದು ಆರೂತನಕಾ ಗೊರಸು ಹ್ಯಾಂಗ ಬರೀಲಿ?"

ಪಾಪ, ಅವನು ಮುಟ್ಟಿ ನೋಡಿ, ಬೆರಳು ಮೆತ್ತಿಸಿಕೊಂಡು ಹೋಗುತ್ತಿದ್ದ. ಒಳಗೆ ದೊಡ್ಡವ್ವ, "ಹಿಂಗ ಎಷ್ಟ ದಿನಾ ತಡೀತೀರಿ?" ಎಂದರೆ, "ನಾಳೆ ಮುಂಜಾನಿ ಆಕಿ ಬಂದ್ರ ಸಾಕು ನನಗ" ಎನ್ನುತ್ತಿದ್ದರು ದೊಡ್ಡಪ್ಪ. ಆ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ.

ವಾಡೆಯೇ ಬರಿದಾಗುವ ಹೊತ್ತಿಗೆ ಅಪ್ಪಣೆಯನ್ನು ಕೇಳುವವರಾರು? ಲೋಕಾಪುರದ ಕಡೆಯ ಟಾಂಗಾದವನೊಬ್ಬ ಚಾಂದನಿಯನ್ನು ಕೊಂಡ. ನಮ್ಮ ಓಣಿಯಲ್ಲಿ ಕರೆದೊಯ್ಯುವಾಗ ಅವಳು ರೂಢಿಯಂತೆ ಅಂಗಳಕ್ಕೆ ತಿರುಗಿ, ಬೇವಿನ ಕೆಳಗೆ ತನ್ನ ಜಾಗದಲ್ಲಿ ಹೋಗಿ ನಿಂತಳು. ಅವನು ಹಗ್ಗ ಜಗ್ಗಿದ. ದೊಡ್ಡವ್ವ ಬೆಲ್ಲದ ಹೆಂಟೆ ಹಿಡಿದು ಓಡಿ ಬಂದಳು. "ಹೋಳಿಗಿ ಮಾಡಿಲ್ಲವ್ವಾ, ನೀ ಹೊಂಟಿ ಅಂತ ಗೊತ್ತಿದ್ದಿಲ್ಲ" ಎಂದು ಅತ್ತಳು. ದೊಡ್ಡಪ್ಪ ಪಡಸಾಲೆ ಬಿಟ್ಟು ಹೊರಗೆ ಬರಲೇ ಇಲ್ಲ.

ಗೊರಸಿಲ್ಲದ ಚಿತ್ರ ಯಾರಿಗೂ ಬೇಡವಾಗಿ ನಮ್ಮಲ್ಲೇ ಉಳಿಯಿತು. ದೊಡ್ಡಪ್ಪ ಮತ್ತೆ ಕುಂಚ ಹಿಡಿಯಲಿಲ್ಲ. ಬದುಕಿರುವ ತನಕ ದಿನಾ ಮುಂಜಾನೆ ಆ ಚಿತ್ರಕ್ಕೆ ಬೆರಳು ತಾಗಿಸಿ, "ಇನ್ನಾ ಆರಿಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ನಾವು ಯಾರೂ ಎದುರಾಡುತ್ತಿರಲಿಲ್ಲ.

ಈಗ ಅವರಿಲ್ಲ, ದೊಡ್ಡವ್ವ ಇಲ್ಲ, ಆ ಬೇವು ಕೂಡ ಇಲ್ಲ. ಚಿತ್ರ ನನ್ನ ಮನೆಯ ಗೋಡೆಯ ಮೇಲಿದೆ. ಇವತ್ತು ಹಿಂಡಿ ಕುಟ್ಟಿ ಎದ್ದವಳು, ಕೈ ಒರೆಸಿಕೊಂಡು, ಚಾಂದನಿಯ ಕುತ್ತಿಗೆಯ ಮೇಲೆ ಬೆರಳಾಡಿಸಿದೆ. ಬೆರಳಿಗೆ ಏನೂ ಹತ್ತಲಿಲ್ಲ.

ಬಣ್ಣ ಆರೇತಿ, ದೊಡ್ಡಪ್ಪಾ.