ಎಕ್ಸ್‌ಪ್ರೆಸ್ ಡ್ರಮ್ಮರ್ ನಿಧಾನವಾದ ಕತೆ

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಯಂತ್ರದ ಮುಂದೆ ಇಪ್ಪತ್ತೆರಡು ವರ್ಷ ಸವೆಸಿದ ಮನುಷ್ಯ ಅವನು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದ ಗಾಜು ಅವನ ಕೈ ದಾಟಿ ಹೋದದ್ದಿಲ್ಲ. ಮನೆಯ ಗೋಡೆಯ ಮೇಲೆ ಫೋಟೊ ಕೊಂಚ ವಾಲಿದ್ದರೂ ಊಟದ ನಡುವೆ ಎದ್ದು ಸರಿಪಡಿಸಿ ಬರುವ ಜಾತಿ. ಇಂಥವನನ್ನು ಬ್ಯಾಂಡಿನಲ್ಲಿ ಎಕ್ಸ್‌ಪ್ರೆಸ್ ಎಂದು ಕರೆಯುತ್ತಿದ್ದರು. ಡ್ರಮ್ಸ್ ಮೇಲೆ ತನ್ನ ಕೈ ಅಷ್ಟು ಚುರುಕು, ಅದಕ್ಕೇ ಆ ಹೆಸರು ಎಂದುಕೊಂಡು ಹನ್ನೊಂದು ವರ್ಷ ಒಳಗೊಳಗೇ ಬೀಗಿದ್ದ, ಪಾಪ.

ಬ್ಯಾಂಡ್ ಎಂದರೆ ಮೂರೇ ಜನ. ಗಿಟಾರ್ ನುಡಿಸಿ ಹಾಡುವ ಅವನ ಅಣ್ಣ, ಬೇಸ್ ಗಿಟಾರ್ ನುಡಿಸುವ ಗಣಿತದ ಮೇಷ್ಟ್ರು, ಮತ್ತೆ ಇವನು. ಭಾನುವಾರ ಬೆಳಿಗ್ಗೆ ಅಣ್ಣನ ಕಾರ್ ಶೆಡ್ಡಿನಲ್ಲಿ ಅಭ್ಯಾಸ. ನುಡಿಸುತ್ತಿದ್ದುದು ಬ್ಲೂಸ್ ಎಂಬ ಅಮೆರಿಕದ ಸಂಗೀತ. ಅದರ ಶಫಲ್ ನಡೆಗೆ ಒಂದೊಂದು ಬೀಟನ್ನೂ ಮೂರು ಪಾಲು ಮಾಡಿ, ನಡುವಿನದನ್ನು ಬಿಟ್ಟು ಉಳಿದೆರಡನ್ನು ಬಾರಿಸಬೇಕು. ನಾಲ್ಕು ಬೀಟಿಗೊಂದರಂತೆ ಹನ್ನೆರಡು ಬಾರ್ ಹೀಗೆ ನಡೆದು ಸುತ್ತು ಮುಗಿಯುವಾಗ, ಬಿಟ್ಟ ಪಾಲನ್ನೂ ತುಂಬಿಕೊಂಡು ಮೂರು ಮೂರರಂತೆ ಡ್ರಮ್ಮುಗಳ ಮೇಲೆ ಕೈ ಹರಿಸಿ, ಹೊಸ ಸುತ್ತಿನ ಮೊದಲ ಬೀಟಿಗೆ ಸರಿಯಾಗಿ ಸಿಂಬಲ್ ಎಂಬ ಕಂಚಿನ ತಟ್ಟೆಗೆ ಹೊಡೆಯಬೇಕು. ಇದಕ್ಕೆ ಫಿಲ್ ಎನ್ನುತ್ತಾರೆ. ಇವನ ಜೀವವೆಲ್ಲ ಆ ಫಿಲ್ಲಿನಲ್ಲೇ ಇತ್ತು.

ಹುಟ್ಟುಹಬ್ಬದ ಪಾರ್ಟಿಗಳಲ್ಲಿ ಯಾರೂ ಕಿವಿಗೊಡದ ಮೂಲೆಯಲ್ಲಿ ನುಡಿಸಿ ನುಡಿಸಿ ಬೇಸತ್ತಿದ್ದ ಮೂವರಿಗೆ ಒಂದು ದಿನ ಸುದ್ದಿ ಬಂತು: ದೊಡ್ಡ ಹೋಟೆಲಿನವರಿಗೆ ಶನಿವಾರ ಸಂಜೆಗೆ ಖಾಯಂ ಬ್ಯಾಂಡ್ ಬೇಕಂತೆ. ಮ್ಯಾನೇಜರಿಗೆ ಕಳಿಸಲೆಂದು ಫೋನಿನಲ್ಲಿ ಒಂದು ಹಾಡು ರೆಕಾರ್ಡ್ ಮಾಡಿದರು. ಇವನು ಸುಮ್ಮನಿರಲಾರದೆ ಅದನ್ನು ಅಂಗಡಿಗೆ ಒಯ್ದು, ಟಿಕ್ ಟಿಕ್ ಎಂದು ಬೀಟ್ ಎಣಿಸುವ ಮೆಟ್ರೊನೋಮನ್ನು ಪ್ರತಿ ಸುತ್ತಿಗೂ ಹೊಂದಿಸಿ ಕೇಳಿದ. ಶಫಲ್ ಸರಿಯಾಗಿತ್ತು. ಫಿಲ್ ಬಂದಾಗಲೆಲ್ಲ ಅವನ ಕೈ ಓಡಿತ್ತು, ಟಿಕ್‌ಗಿಂತ ಮೊದಲೇ ಸಿಂಬಲ್ ಬಿದ್ದಿತ್ತು. ಎಂಟಕ್ಕೆ ಎಂಟು ಸಲವೂ ಹೀಗೇ. ಅಣ್ಣ, ಮೇಷ್ಟ್ರು ಇಬ್ಬರೂ ಅಷ್ಟೇ ಮುಂಚಿತವಾಗಿ ಅವನ ಜೊತೆಗೇ ನೆಗೆದಿದ್ದರು.

“ಅಣ್ಣ, ನಾನು ಫಿಲ್‌ನಲ್ಲಿ ಓಡ್ತೀನಾ?”

ಶೆಡ್ಡಿನಲ್ಲಿ ಗಿಟಾರಿನ ತಂತಿ ಬಿಗಿಯುತ್ತಿದ್ದ ಅಣ್ಣ ತಲೆ ಎತ್ತಲಿಲ್ಲ. “ಓಡ್ತೀಯ. ಮೊದಲಿಂದಲೂ.”

“ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ಮುಖ ಊದಿಸ್ಕೊಂಡು ಕೂರ್ತಿದ್ದೆ. ನಾವೇ ಅಡ್ಜಸ್ಟ್ ಮಾಡ್ಕೊಂಡ್ವಿ. ಹೋಟೆಲಿನೋರು ಮಾಡ್ಕೊಳ್ಳಲ್ಲ ನೋಡು. ಅವರ ಮುಂದೆ ನುಡಿಸೋಕೆ ಆರು ವಾರ ಇದೆ, ಸರಿ ಮಾಡ್ಕೊ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ.”

ಎಕ್ಸ್‌ಪ್ರೆಸ್ ಎಂಬ ಹೆಸರು ಯಾಕೆ ಬಂತೆಂದು ಅವನಿಗೆ ಅರ್ಥವಾದದ್ದು ಆಗ. ಸರಿಯಾದ ಮೇಲೇ ಶೆಡ್ಡಿಗೆ ಕಾಲಿಡುತ್ತೇನೆ ಎಂದು ಹೇಳಿ ಎದ್ದು ಬಂದ. ಹಾಡು ಹೇಗೂ ಗೊತ್ತಿರುವುದೇ ತಾನೆ ಎಂದು ಅಣ್ಣನೂ ತಡೆಯಲಿಲ್ಲ. ಅಣ್ಣತಮ್ಮ ಇಬ್ಬರೂ ಮಾಡಿದ ದೊಡ್ಡ ದಡ್ಡತನ ಅದು.

ಆರು ವಾರ ಊಟದ ಮೇಜಿನ ಮೇಲೆ ರಬ್ಬರ್ ಹಲಗೆ ಇಟ್ಟುಕೊಂಡು ಬಾರಿಸಿದ. ಮೆಟ್ರೊನೋಮನ್ನು ಆಮೆಯಷ್ಟು ನಿಧಾನಕ್ಕಿಟ್ಟು, ಬಾಯಲ್ಲಿ ತಕಿಟ ತಕಿಟ ಎನ್ನುತ್ತಾ, ಒಂದೊಂದು ಪೆಟ್ಟಿಗೂ ಅದರದರ ಜಾಗ ಕೊಟ್ಟ. ಮಣಿಕಟ್ಟು ಬಾತುಕೊಂಡಿತು.

“ಉಪ್ಪು ಕೇಳೋದನ್ನೂ ಮೂರ್ಮೂರು ಸಲ ಕೇಳ್ತಿದೀರಿ ಕಣ್ರೀ” ಎಂದಳು ಹೆಂಡತಿ.

ಆರನೆಯ ವಾರದಲ್ಲಿ ಕೊನೆಯ ಪೆಟ್ಟೂ ಟಿಕ್ಕೂ ಎಷ್ಟು ಒಂದಾದವೆಂದರೆ ಟಿಕ್ ಕೇಳಿಸುವುದೇ ನಿಂತುಹೋಯಿತು. ನಲವತ್ತಾರರ ಗಂಡಸು ಅಡುಗೆಮನೆಗೆ ಹೋಗಿ ಹೆಂಡತಿಗೆ ವರದಿ ಒಪ್ಪಿಸಿ ಬಂದ.

ಪರೀಕ್ಷೆ ಹೋಟೆಲಿನ ಹಾಲ್‌ನಲ್ಲಿ, ಮಧ್ಯಾಹ್ನ ಮೂರಕ್ಕೆ. ಕುರ್ಚಿಗಳು ಮೇಜಿನ ಮೇಲೆ ತಲೆಕೆಳಗಾಗಿ ಕೂತಿದ್ದವು. ಮೊದಲ ಹನ್ನೆರಡು ಬಾರ್ ಚೆನ್ನಾಗಿ ನಡೆಯಿತು. ಫಿಲ್ ಬಂತು. ಮೂರು ಮೂರೂ ತೂಗಿದ ಹಾಗೆ ಬಾರಿಸಿದ. ಸಿಂಬಲಿಗೆ ಕೈ ಎತ್ತುವಷ್ಟರಲ್ಲಿ ಅಣ್ಣ, ಮೇಷ್ಟ್ರು ಹಳೆಯ ಚಾಳಿಯಂತೆ ಹೊಸ ಸುತ್ತಿಗೆ ನೆಗೆದಾಗಿತ್ತು. ಅವನ ಪೆಟ್ಟು ಒಂಟಿಯಾಗಿ ಹಿಂದೆ ಬಿತ್ತು. ಎರಡನೆಯ ಸುತ್ತಿನಲ್ಲೂ ಅದೇ. ಮೂರನೆಯದರಲ್ಲಿ ಹೆದರಿ ತಾನೇ ಓಡಿದ, ಅವರು ಹೆದರಿ ಕಾದರು. ಎಲ್ಲ ಎಕ್ಕುಟ್ಟಿಹೋಯಿತು.

ಮ್ಯಾನೇಜರ್ ಕೈ ಎತ್ತಿ ನಿಲ್ಲಿಸಿದರು. “ಡ್ರಮ್ಸ್‌ನೋರು ಯಾಕೋ ಹಿಂದೆ ಬೀಳ್ತಿದಾರಲ್ಲ?”

ಅವನು ಅಣ್ಣನ ಮುಖ ನೋಡಿದ. ಜೀವನವಿಡೀ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು ತಮ್ಮ ಬೂಟು ನೋಡಿಕೊಂಡರು.

“ಹೌದು ಸರ್, ಅವನಿಂದಲೇ ಆಗಿದ್ದು” ಎಂದ ಅಣ್ಣ. “ಬೇರೆ ಡ್ರಮ್ಮರ್ ಇದಾರೆ. ಮುಂದಿನ ವಾರ ಕರ್ಕೊಂಡು ಬರ್ತೀವಿ.”

ಡ್ರಮ್ಮುಗಳನ್ನು ಕಾರಿಗೇರಿಸುವಾಗ ಅವನು ಹೇಳಿದ, “ನಾನು ಸರಿಯಾಗೇ ಬಾರಿಸ್ದೆ ಅಣ್ಣ.”

“ಗೊತ್ತು ಕಣೋ. ಹಾಗಂತ ಅಲ್ಲಿ ನಿಂತ್ಕೊಂಡು ನಾವಿಬ್ರೂ ತಪ್ಪು ಅನ್ನಕ್ಕಾಗುತ್ತಾ? ಒಬ್ಬ ಹೋದ್ರೆ ಇಬ್ರು ಉಳೀತೀವಿ.”

ಉಳಿದರು. ಹೊಸ ಡ್ರಮ್ಮರನ ಮೊದಲ ಶನಿವಾರ ಇವನು ತಡೆಯಲಾರದೆ ಹೋಗಿ ಹಾಲ್‌ನ ಬಾಗಿಲ ಬಳಿ ನಿಂತ. ಹನ್ನೆರಡು ಬಾರ್ ಮುಗಿದವು. ಹೊಸಬ ಫಿಲ್ ಬಾರಿಸಿದ, ಸರಿಯಾದ ಸಮಯಕ್ಕೇ. ಅಣ್ಣ ಮುಂಚಿತವಾಗಿ ನೆಗೆದ. ಹೊಸಬ ಹುಬ್ಬು ಗಂಟಿಕ್ಕಿದ, ಅಷ್ಟೇ.

ಅಣ್ಣ ಹೊಸಬನತ್ತ ತಿರುಗಿ, “ಸಾರಿ, ತಪ್ಪು ನಂದು” ಎಂದು ನಕ್ಕ. ಮುಂದಿನ ಸುತ್ತಿನಲ್ಲಿ ಸಿಂಬಲ್ ಬೀಳುವವರೆಗೂ ಕಾದ.