ಏಳನೇ ಹಾಡಿನ ಪಿಟೀಲು

ನಮ್ಮೂರು ಪೈನಿ ಫೋರ್ಕ್‌ನಲ್ಲಿ ವರ್ಲೀನ್ ಸ್ಟ್ಯಾಂಪರ್ ಕೈಯ ಜೋಳದ ಬ್ರೆಡ್ ತಿನ್ನದೆ ದೊಡ್ಡವರಾದವರು ಯಾರೂ ಇಲ್ಲ. ಮೂವತ್ತೆರಡು ವರ್ಷದಿಂದ ಅವಳು ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದವಳು. ಆದರೆ ಶನಿವಾರ ಸಂಜೆ ಏಳು ಗಂಟೆಗೆ ತುಟಿಗೆ ಬಣ್ಣ ಹಚ್ಚಿಕೊಂಡು, ಮಾಜಿ ಸೈನಿಕರ ಹಾಲ್‌ನ ವೇದಿಕೆ ಹತ್ತಿ ಗಿಟಾರ್ ಕೊರಳಿಗೆ ಹಾಕಿಕೊಂಡರೆ ಅವಳು ಬೇರೆಯೇ ಹೆಂಗಸು. ಗಂಡ ತೀರಿಕೊಂಡ ವಾರ ಕೂಡ ಶನಿವಾರ ತಪ್ಪಿಸಿರಲಿಲ್ಲ. ಅದೊಂದು ದಿನವಿದ್ದರೆ ಉಳಿದ ಆರು ದಿನ ಹೇಗೋ ತಳ್ಳಬಹುದು ಎನ್ನುತ್ತಿದ್ದಳು.

ಹಾಡಿನಷ್ಟೇ ಜನಕ್ಕೆ ಇಷ್ಟವಾಗುತ್ತಿದ್ದದ್ದು ಹಾಡು ಹಾಡಿನ ನಡುವೆ ಅವಳು ಆಡುವ ಮಾತು. ಯಾರ ಮಂಡಿಗೆ ಆಪರೇಷನ್ ಆಯಿತು, ಪಾದ್ರಿಯ ಹೆಂಡತಿ ಯಾಕೆ ಮುಖ ಊದಿಸಿಕೊಂಡಿದ್ದಾಳೆ, ಎಲ್ಲವೂ ಅಲ್ಲಿ ಬರುತ್ತಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಇರಾಕ್ ಯುದ್ಧ ಶುರುವಾದ ವಾರ ಅವಳು ಮೂರನೇ ಹಾಡು ಮುಗಿಸಿ ನೀರು ಕುಡಿದಳು.

"ನನ್ ತಂಗಿ ಮಗ ಡ್ವೇನ್‌ನ ಮಂಗಳವಾರ ಕಳಿಸ್ಬಿಟ್ರು. ಆ ದೇಶದೋರು ನಮಗೇನ್ ಮಾಡಿದ್ರು ಅಂತ ನನಗಂತೂ ಗೊತ್ತಿಲ್ಲ. ಕಳಿಸ್ದೋರಿಗೂ ಗೊತ್ತಿಲ್ಲ ಅಂತ ನನ್ ಅನುಮಾನ."

ಅಷ್ಟೇ. ಗಿಟಾರ್ ಶ್ರುತಿ ಮಾಡಿಕೊಂಡು ನಾಲ್ಕನೆಯದಕ್ಕೆ ಕೈ ಹಾಕಿದಳು. ಹಿಂದಿನ ಸಾಲಿನಿಂದ ರಾಯ್ಸ್ ಟಿಡ್ವೆಲ್ ಎದ್ದು ನಿಂತ.

"ನಿಮ್ಮನ್ನ ಕರ್ದಿರೋದು ಹಾಡೋಕೆ, ಭಾಷಣ ಬಿಗಿಯೋಕಲ್ಲ! ಹಾಲ್‌ನಲ್ಲಿ ರಾಜಕೀಯ ಬೇಡ!"

ಹಿಂದಿನ ಶನಿವಾರ ಇದೇ ವೇದಿಕೆಯಲ್ಲಿ ಪಕ್ಕದ ಊರಿನ ಹಾಡುಗಾರನೊಬ್ಬ, ಆ ದೇಶಕ್ಕೆ ಬಾಂಬ್ ಹಾಕಿ ಗುಡಿಸಿ ಬಯಲು ಮಾಡಬೇಕು ಎಂದಿದ್ದ. ಜನ ಕುರ್ಚಿ ಮೇಲೆ ನಿಂತು ಚಪ್ಪಾಳೆ ತಟ್ಟಿದ್ದರು. ಅದು ರಾಜಕೀಯವಾಗಿರಲಿಲ್ಲ. ನಮ್ಮೂರಲ್ಲಿ ರಾಜಕೀಯ ಎಂದರೆ ನಮಗೆ ಒಪ್ಪದ ಮಾತು.

ಈ ರಾಯ್ಸ್‌ನ ಬಗ್ಗೆ ಎರಡು ಮಾತು ಹೇಳಲೇಬೇಕು. ಹಳೆಯ ಟ್ರಕ್ ಮಾರುವವನು. ಅವನ ಅಂಗಡಿಯ ಮುಂದಿನ ಬಾವುಟದ ಬಟ್ಟೆಯಲ್ಲಿ ಒಂದು ಸಂಸಾರಕ್ಕಾಗುವಷ್ಟು ಹೊದಿಕೆ ಹೊಲಿಯಬಹುದು. ಸೈನ್ಯಕ್ಕೆ ಸೇರುವ ವಯಸ್ಸಿನಲ್ಲಿ ಅವನಿಗೆ ಬೆನ್ನುನೋವಿತ್ತು. ವಯಸ್ಸು ದಾಟಿದ ಮೇಲೆ ತಾನಾಗಿ ವಾಸಿಯಾಯಿತು. ಅಂಥವನು ಮಾಜಿ ಸೈನಿಕರ ಹಾಲ್‌ನಲ್ಲಿ ನಿಂತು ದೇಶಪ್ರೇಮದ ಪಾಠ ಹೇಳಿದ. ನಿಜವಾಗಿ ಯುದ್ಧ ಕಂಡಿದ್ದ ಮುದುಕರು ತಲೆ ತಗ್ಗಿಸಿ ತಮ್ಮ ಲೋಟ ನೋಡುತ್ತ ಕುಳಿತರು.

ಸೋಮವಾರದ ಹೊತ್ತಿಗೆ ರೇಡಿಯೊದಲ್ಲಿ ಸುದ್ದಿ ಬಂತು: ಶುಕ್ರವಾರ ಮಧ್ಯಾಹ್ನ ಶಾಲೆಯ ಎದುರಿನ ಮೈದಾನದಲ್ಲಿ ದೇಶದ್ರೋಹಿ ವರ್ಲೀನಳ ಸಿ.ಡಿ.ಗಳನ್ನು ರೋಡ್ ರೋಲರ್ ಹರಿಸಿ ಪುಡಿ ಮಾಡಲಾಗುವುದು, ಎಲ್ಲರೂ ತಮ್ಮಲ್ಲಿರುವುದನ್ನು ತರಬೇಕು. ತೊಡಕಾದದ್ದು ಇಲ್ಲೇ. ಏಳು ವರ್ಷದ ಹಿಂದೆ ಅವಳು ಮಾಡಿಸಿದ್ದು ಒಂದೇ ಸಿ.ಡಿ. ಹಾಲ್‌ನಲ್ಲಿ ಪುಕ್ಕಟೆ ಕೇಳುವುದನ್ನು ಕೊಂಡು ಕೇಳುವ ದಡ್ಡತನ ನಮ್ಮೂರವರಿಗಿರಲಿಲ್ಲ. ಊರೆಲ್ಲ ಹುಡುಕಿದರೂ ಸಿಕ್ಕಿದ್ದು ಅದರ ಹತ್ತೋ ಹನ್ನೆರಡೋ ಪ್ರತಿ. ಅಷ್ಟಕ್ಕೆ ರೋಲರ್ ತರಿಸಿದರೆ ನಗೆಪಾಟಲು.

ಬುಧವಾರ ರಾಯ್ಸ್ ಅವಳ ಮನೆ ಬಾಗಿಲು ತಟ್ಟಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಸಭ್ಯತೆಗೆ ನಮ್ಮೂರಲ್ಲಿ ಎಂದೂ ಬರವಿಲ್ಲ.

"ಮಿಸ್ ವರ್ಲೀನ್, ಇದರಲ್ಲಿ ನನ್ನ ವೈಯಕ್ತಿಕ ಏನೂ ಇಲ್ಲ. ಶನಿವಾರ ಮೈಕಲ್ಲಿ ಒಂದು ಕ್ಷಮೆ ಕೇಳ್ಬಿಡಿ. ನಾನೇ ಬರ್ಕೊಂಡು ಬಂದಿದೀನಿ, ಓದಿದ್ರೆ ಸಾಕು. ಇಲ್ಲ ಅಂದ್ರೆ ಇನ್ಮೇಲೆ ಹಾಲ್‌ಗೆ ಬರೋದ್ ಬೇಡ ಅಂತ ಕಮಿಟಿಯೋರು ತೀರ್ಮಾನ ಮಾಡಿದಾರೆ."

ವರ್ಲೀನ್ ಚೀಟಿ ಓದಿದಳು. ಅದನ್ನು ಮೈಕಲ್ಲಿ ಓದದಿದ್ದರೆ ಕಳೆದುಕೊಳ್ಳುವುದು ಇಪ್ಪತ್ತಾರು ವರ್ಷದ ಶನಿವಾರಗಳು. ಆದರೂ ಚೀಟಿಯನ್ನು ಮಡಿಸಿ ಅವನ ಜೇಬಿಗೇ ತುರುಕಿದಳು.

"'ಕ್ಷಮೆ'ಗೆ ಒತ್ತು ತಪ್ಪಾಗಿದೆ ಕಣೋ. ಸ್ಕೂಲಲ್ಲೂ ನೀನು ಹೀಗೇ. ಇನ್ನೇನ್ ಬೇಕಿತ್ತು?"

ರಾಯ್ಸ್ ಬೂಟಿನ ತುದಿ ನೋಡಿಕೊಂಡ. "ನಿಮ್ಮತ್ರ ಸಿ.ಡಿ. ಉಳ್ದಿದ್ಯಾ? ದುಡ್ಡು ಕೊಡ್ತೀನಿ, ಹಾಗೇ ಕೇಳ್ತಿಲ್ಲ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆದ ಮೇಲೆ ಬಾಗಿಲ ಚೌಕಟ್ಟಿಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಏಳು ವರ್ಷದಲ್ಲಿ ಇಂಥ ಅಭಿಮಾನಿ ನನಗೆ ಸಿಕ್ಕಿರ್ಲಿಲ್ಲ ಕಣಪ್ಪ! ಗ್ಯಾರೇಜಲ್ಲಿದೆ, ಎಲ್ಲಾ ಹೊತ್ಕೊಂಡ್ ಹೋಗು." ಆಮೇಲೆ ನಗು ನಿಲ್ಲಿಸಿ ಕೇಳಿದಳು: "ನಿಮ್ಮಪ್ಪನ ಮಣ್ಣಿನ ದಿನ ನಿನ್ ಕೈಗೆ ಒಂದು ಕೊಟ್ಟಿದ್ನಲ್ಲ, ಅದು?"

"ಅದನ್ನೇ ಮೊದಲು ಹಾಕ್ತೀನಿ."

"ಕೇಳಿದೀಯಾ ಅದನ್ನ?"

"ಇಪ್ಪತ್ ಸಲ ಕೇಳಿದೀನಿ," ಎಂದ ರಾಯ್ಸ್.

ಅವನ ಅಪ್ಪ ಓಥಾ ಟಿಡ್ವೆಲ್ ಪಿಟೀಲು ಹಿಡಿದರೆ ಗೋಡೆಗೆ ಒರಗಿದವರೂ ಹೆಜ್ಜೆ ಹಾಕುತ್ತಿದ್ದರು. ರೆಕಾರ್ಡಿಂಗ್ ಎಂದರೆ ಮಾತ್ರ ಮಾರು ದೂರ ಹಾರುವ ಮನುಷ್ಯ. ಬದುಕಿನಲ್ಲಿ ಒಂದೇ ಒಂದು ಸಲ ಒಪ್ಪಿದ, ಅದೂ ವರ್ಲೀನಳ ಕಾಟಕ್ಕೆ. ಏಳನೇ ಹಾಡಿನಲ್ಲಿದ್ದದ್ದು ಅವನ ಪಿಟೀಲು. ಆ ಸ್ಟುಡಿಯೊ ಮುಂದಿನ ವರ್ಷವೇ ಮೂಲ ಟೇಪಿನ ಸಮೇತ ಬೆಂಕಿಗೆ ಹೋಯಿತು, ಓಥಾ ಅದರ ಮುಂದಿನ ವರ್ಷ ತೀರಿಕೊಂಡ.

ಶುಕ್ರವಾರ ಅಡುಗೆಮನೆಯ ಕಿಟಕಿಯಿಂದ ವರ್ಲೀನ್ ನೋಡುತ್ತಿದ್ದಳು. ಜನ ಕುರ್ಚಿ ಹಾಕಿಕೊಂಡು, ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ರಾಯ್ಸ್ ಮೊದಲನೇ ಸಿ.ಡಿ.ಯನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದ. ಬಿಸಿಲಿಗೆ ಅದರ ಪ್ಲಾಸ್ಟಿಕ್ ಹೊದಿಕೆ ಫಳಕ್ಕೆಂದಿತು. ಬಿಚ್ಚಿಯೇ ಇರಲಿಲ್ಲ.

ಅದರಲ್ಲಿ ನಿನ್ನಪ್ಪನ ಪಿಟೀಲಿದೆ ಎಂದು ಓಡಿಹೋಗಿ ಹೇಳಬಹುದಿತ್ತು. ರಸ್ತೆ ದಾಟಿದರೆ ಮೈದಾನ. ಸೌಟು ಅವಳ ಕೈಯಲ್ಲಿ ಹಾಗೇ ಇತ್ತು. ಹೇಳಲಿಲ್ಲ. ಸಿಟ್ಟಿನಿಂದಲೇ ಹೇಳಲಿಲ್ಲ, ಆಮೇಲೆ ಅದನ್ನು ಬೇರೆ ಯಾವ ಒಳ್ಳೆಯ ಹೆಸರಿನಿಂದಲೂ ಅವಳು ಕರೆಯಲಿಲ್ಲ. ರೋಲರ್ ಹೋಯಿತು, ಬಂತು, ಮತ್ತೆ ಹೋಯಿತು. ಜನ ದೇಶ ಉಳಿಸಿದ ಸಂತೋಷದಲ್ಲಿ ಕೈ ಒರೆಸಿಕೊಂಡು ಮನೆಗೆ ಹೋದರು.

ಮೈದಾನ ಗುಡಿಸಿಕೊಡಬೇಕು ಎಂದು ಶಾಲೆಯವರು ಹಟ ಹಿಡಿದದ್ದರಿಂದ ಮರುದಿನ ಬೆಳಿಗ್ಗೆ ಪೊರಕೆ ಹಿಡಿದವನು ರಾಯ್ಸ್. ರೋಲರ್‌ಗೆ ಪ್ಲಾಸ್ಟಿಕ್ ಪುಡಿಯಾಗುತ್ತದೆ, ಕಾಗದ ಆಗುವುದಿಲ್ಲ. ಸಿ.ಡಿ. ಡಬ್ಬಿಯೊಳಗಿನ ಕಾಗದಗಳು ಇಸ್ತ್ರಿ ಮಾಡಿದ ಹಾಗೆ ಮಟ್ಟಸವಾಗಿ ಬಿದ್ದಿದ್ದವು. ಪ್ರತಿಯೊಂದರಲ್ಲೂ ಏಳನೇ ಹಾಡಿನ ಕೆಳಗೆ ಸಣ್ಣಕ್ಷರದಲ್ಲಿ ಅವನ ಅಪ್ಪನ ಹೆಸರಿತ್ತು.

ಅವನು ಬಂದಾಗ ವರ್ಲೀನ್ ಮೆಟ್ಟಿಲ ಮೇಲೆ ಕೂತು ಬೀನ್ಸ್ ಬಿಡಿಸುತ್ತಿದ್ದಳು. ಅವನು ಒಂದು ಕಾಗದ ಅವಳ ಮುಂದೆ ಚಾಚಿದ.

"ನಿಮಗ್ ಗೊತ್ತಿತ್ತು," ಎಂದ.

"ಗೊತ್ತಿತ್ತು. ನಿನಗೂ ಗೊತ್ತಿರುತ್ತೆ ಅಂದ್ಕೊಂಡೆ. ಇಪ್ಪತ್ ಸಲ ಕೇಳ್ದೋನಲ್ವಾ?"

"ಒಂದಾದ್ರೂ ಉಳ್ದಿದ್ಯಾ? ಕಾಲಿಗ್ ಬೀಳ್ತೀನಿ."

"ಒಂದಿದೆ. ನನ್ನಡುಗೆಮನೇಲಿದೆ."

"ಕೊಡಿ. ಬೇಡ, ಕಾಪಿ ಮಾಡ್ಕೊಂಡು ವಾಪಸ್ ತಂದ್ಕೊಡ್ತೀನಿ."

"ನಿನ್ ಕೈಗೆ ಒಂದ್ಸಲ ಕೊಟ್ಟಾಯ್ತಲ್ಲೋ." ಅವಳು ಬುಟ್ಟಿ ಎತ್ತಿಕೊಂಡು ಎದ್ದಳು. "ಅದು ಈ ಮನೆ ಹೊಸಿಲು ದಾಟಲ್ಲ. ಇವತ್ತು ಶನಿವಾರ, ಏಳು ಗಂಟೆಗೆ ಬಾ. ನಿಮ್ಮ ದಯದಿಂದ ಈಗ ನನಗೆ ಶನಿವಾರ ಬಿಡುವು."

ಆ ಸಂಜೆಯೇ ಬಂದ. ಅವಳು ತುಟಿಗೆ ಬಣ್ಣ ಹಚ್ಚಿಕೊಂಡಿದ್ದಳು. ಅವನನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ ಮೊದಲನೇ ಹಾಡು ಹಾಕಿದಳು.

"ಏಳನೇದು..." ಎಂದ ರಾಯ್ಸ್.

"ಆರು ಆದ್ಮೇಲೆ ಬರುತ್ತೆ."

ಮೂರನೇ ಹಾಡು ಮುಗಿದ ಕೂಡಲೇ ಯಂತ್ರ ನಿಲ್ಲಿಸಿ ಒಂದು ಲೋಟ ನೀರು ಕುಡಿದಳು. ಆಮೇಲೆ ಮಾತಾಡಿದಳು. ಡ್ವೇನ್‌ನಿಂದ ಕಾಗದ ಬಂದಿಲ್ಲವೆಂದಳು. ಮರಳುಗಾಡಿಗೆ ಅವನನ್ನು ಅಟ್ಟಿದವರ ಮಕ್ಕಳು ಎಲ್ಲೆಲ್ಲಿ ಬೆಚ್ಚಗಿದ್ದಾರೆ ಎಂದು ಹೇಳಿದಳು. ಬಾವುಟ ದೊಡ್ಡದಾದಷ್ಟೂ ಅದರ ಹಿಂದೆ ಅಡಗಿಕೊಳ್ಳಲು ಜಾಗ ಹೆಚ್ಚು ಎಂದಳು. ರಾಯ್ಸ್ ಬಾಯಿ ತೆರೆದ.

"ಕೇಳೋಕ್ ಬಂದೋರು ಹಾಡಿನ ಮಧ್ಯೆ ಮಾತಾಡ್ಬಾರ್ದು," ಎಂದಳು. ಅವನು ಬಾಯಿ ಮುಚ್ಚಿಕೊಂಡ.

ಏಳನೆಯದು ಶುರುವಾಗುವ ಮೊದಲು ಓಥಾ ಒಮ್ಮೆ ಕೆಮ್ಮಿ, "ಸರಿ ವರ್ಲೀನ್, ನಡಿ" ಎನ್ನುವುದು ಕೇಳುತ್ತದೆ. ರಾಯ್ಸ್ ಟೋಪಿಯಲ್ಲಿ ಮುಖ ಮುಚ್ಚಿಕೊಂಡ. ಪಿಟೀಲು ಮುಗಿದ ಮೇಲೆ, "ಇನ್ನೊಂದ್ಸಲ," ಎಂದ.

"ಮುಂದಿನ್ ಶನಿವಾರ. ಮೊದಲನೇ ಹಾಡಿಂದ."

ಒಂದು ವಾರವೂ ಅವನು ತಪ್ಪಿಸಿಲ್ಲ. ಅವನ ಟ್ರಕ್ ಅವಳ ಮನೆ ಮುಂದೆ ನಿಂತಿರುವುದನ್ನು ಊರೆಲ್ಲ ನೋಡಿದೆ. ಯಾಕೆಂದು ಕೇಳಿದವರಿಗೆ ರಾಯ್ಸ್ ಎದೆಯುಬ್ಬಿಸಿ, ಮುದುಕಿಗೆ ಬುದ್ಧಿ ಹೇಳಿ ದಾರಿಗೆ ತರುತ್ತಿದ್ದೇನೆ ಎನ್ನುತ್ತಾನೆ. ಆ ಮಾತು ಶಾಲೆಯ ಅಡುಗೆಮನೆಯವರೆಗೂ ಬಂತು. ವರ್ಲೀನ್ ಆ ಶನಿವಾರ ಮೂರನೇ ಹಾಡಾದ ಮೇಲೆ ಒಂದೂವರೆ ಗಂಟೆ ಮಾತಾಡಿದಳು, ಅವನು ಕೂತು ಕೇಳಿದ.