ಈಜುಕೊಳದ ಬಳಿ ನಾನು ಮಾಡಿದ್ದು

ರಂಲತ್, ನೀನು ಜಾರಿ ಬೀಳಲಿಲ್ಲ. ನಾನು ತಳ್ಳಿದೆ. ಬೆನ್ನಿಗೆ ಕೈಯಿಟ್ಟು, ಬೇಕೆಂದೇ ತಳ್ಳಿದೆ.

ಆಗ ನೀನು ನಾಲ್ಕನೆಯ ಕ್ಲಾಸು. ನಾನು ಬಂಟ್ವಾಳದಲ್ಲಿ ನಿನ್ನ ಟೀಚರ್. ಹಿಂದಿನ ವರ್ಷವಷ್ಟೇ ನಿನ್ನ ಅಣ್ಣ ನಿನ್ನ ಕಣ್ಣೆದುರೇ ನೇತ್ರಾವತಿಯಲ್ಲಿ ಕೊಚ್ಚಿಹೋಗಿದ್ದ. ನನಗೆ ಗೊತ್ತಿತ್ತು — ಗೊತ್ತಿದ್ದೂ, ಮಕ್ಕಳನ್ನು ಮೂಡುಬಿದಿರೆಯ ಈಜುಕೊಳಕ್ಕೆ ಕರೆದೊಯ್ದ ದಿನ, ಕಂಬಿಗೆ ಅಂಟಿಕೊಂಡಿದ್ದ ನಿನ್ನ ಬೆರಳುಗಳನ್ನು ಬಿಡಿಸಿದೆ. “ನೀರಿಗೆ ಬಿದ್ದರೆ ಹೆದರಿಕೆ ತನ್ನಿಂದ ತಾನೇ ಹೋಗ್ತದೆ” ಅಂದೆ. ಎಂಥ ಸೊಕ್ಕು! ನಿನ್ನ ಭಯ ನನಗೆ ಹಠವಾಗಿ ಕಂಡಿತ್ತು. ಹಠ ಮುರಿಯುವುದನ್ನೇ ಪಾಠವೆಂದುಕೊಂಡಿದ್ದೆ.

ನಿನ್ನ ಎದೆಮಟ್ಟದ ನೀರು. ನೀನು ಕಿರುಚಲಿಲ್ಲ. ನಾನು ಮೇಲೆತ್ತಿದಾಗ ನೀನು ನನ್ನ ಕೈಯನ್ನೇ ಬಿಗಿಯಾಗಿ ಹಿಡಿದುಕೊಂಡೆ — ತಳ್ಳಿದ ಕೈಯನ್ನೇ.

“ಜಾರಿ ಬಿದ್ದದ್ದು ಅಂತ ಹೇಳುವ, ಟೀಚರ್. ಶಾಲೆಯ ಹೆಸರು ಉಂಟಲ್ಲ” ಎಂದರು ಹೆಡ್ಮಾಸ್ಟರ್. ಸಂಜೆ ನಿನ್ನನ್ನು ಕರೆದೊಯ್ಯಲು ಬಂದ ನಿನ್ನ ತಾಯಿಗೆ ನಾನು ಹಾಗೆಯೇ ಹೇಳಿದೆ.

“ಇಲ್ಲ ಉಮ್ಮ, ಟೀಚರೇ ದೂಡಿದ್ದು” ಎಂದೆ ನೀನು.

ಅವರು ನನ್ನ ಮುಖ ನೋಡಿದರು. ನಾನು — ಥೂ! — ನಕ್ಕು, ಇಲ್ಲವೆಂದು ತಲೆಯಾಡಿಸಿದೆ. “ಟೀಚರ್ ಸುಳ್ಳು ಹೇಳ್ತಾರಾ?” ಎಂದು ನಿನ್ನ ಕೆನ್ನೆಗೆ ಹೊಡೆದರು. ಆಮೇಲೆ ನೀನು ಕ್ಲಾಸಿನಲ್ಲಿ ಬಾಯಿಬಿಡಲಿಲ್ಲ. ವರ್ಷ ಮುಗಿಯುವ ಮೊದಲೇ ನೀನು ಶಾಲೆಯನ್ನೂ ಬಿಟ್ಟೆ.

ಇಷ್ಟು ವರ್ಷಗಳ ಮೇಲೆ, ಮೊನ್ನೆ ಬೆಳ್ತಂಗಡಿಯಲ್ಲಿ ಶಿಕ್ಷಕರಿಗೊಂದು ತರಬೇತಿ — ಆಘಾತಕ್ಕೊಳಗಾದ ಮಕ್ಕಳೊಡನೆ ಹೇಗಿರಬೇಕೆಂದು. ವೇದಿಕೆಯಲ್ಲಿ ಅದೇ ಹೆಡ್ಮಾಸ್ಟರ್, ಈಗ ಶಾಲೆಯ ಆಡಳಿತ ಮಂಡಳಿಯವರು. “ನಮ್ಮದು ಮಕ್ಕಳ ಮನಸ್ಸು ಅರಿತ ಸಂಸ್ಥೆ” ಎನ್ನುತ್ತಿದ್ದರು. ನಾನು ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟೆ.

“ಹಳೆಯದೆಲ್ಲ ಈಗ ಯಾಕೆ ಟೀಚರ್? ಚಾ ಕುಡಿದು ಬರುವ” ಎಂದರು ಅವರು. ಎಲ್ಲರೂ ಎದ್ದರು. ಒಂದು ಮಗುವಿನ ಬಾಯಿ ಮುಚ್ಚಿಸಿದ ಕತೆ ಕೇಳಿ — ಚಾ!

ಅಲ್ಲಿಂದ ನೇರ ನಿಮ್ಮ ಮನೆಗೆ ಹೋದೆ. ಉಮ್ಮ ಪೂರ್ತಿ ಕೇಳಿದರು. ಕೂತುಕೊಳ್ಳಿ ಎನ್ನಲಿಲ್ಲ.

“ನಿಮ್ಮನ್ನು ನಂಬಿ ನನ್ನ ಮಗಳಿಗೆ ಹೊಡೆದೆ. ಅವಳಿಗೆ ಏನು ಕಷ್ಟ ಬಂದ್ರೂ ಇವತ್ತಿಗೂ ನನ್ನ ಹತ್ರ ಹೇಳುವುದಿಲ್ಲ. ಅದನ್ನು ವಾಪಸ್ ಕೊಡ್ತೀರಾ?”

ಕೊಡಲಾರೆ. ನಿನ್ನಲ್ಲಿ ಕ್ಷಮೆಯನ್ನೂ ಕೇಳಲಾರೆ — ಕೇಳಿದರೆ ಅದೂ ನಿನ್ನ ತಲೆಗೇ ಹೊರೆ. ಶಿಕ್ಷಣ ಇಲಾಖೆಗೆ ನನ್ನ ಮೇಲೆಯೇ ದೂರು ಕೊಟ್ಟಿದ್ದೇನೆ, ಹೆಡ್ಮಾಸ್ಟರರ ಮೇಲೂ. ವಿಚಾರಣೆಯ ದಿನ ಉಮ್ಮ ಬರುತ್ತಾರಂತೆ, ನನ್ನ ವಿರುದ್ಧ ಮಾತನಾಡಲು.

ಬರಲಿ.